ಒಂಬತ್ತು ಇಂಚು

ಕೊಡಗಿನಲ್ಲಿ ನೆಲ ಅನ್ನುವುದನ್ನು ಕಂಡುಹಿಡಿದವನೇ ನಾನು. ನನಗಿಂತ ಮೊದಲು ಇಲ್ಲಿ ಬರೀ ಮಣ್ಣಿತ್ತು. ನಂಬದವರು ಕುಶಾಲನಗರದಿಂದ ಕಕ್ಕಬೆಯವರೆಗೆ ಯಾವ ಹೋಂಸ್ಟೇಗಾದರೂ ಹೋಗಿ, ಚಪ್ಪಲಿ ಬಿಚ್ಚಿ, ಕಾಲಿಟ್ಟು ನೋಡಲಿ. ತಣ್ಣಗೆ, ಕನ್ನಡಿಯ ಹಾಗೆ, ಒಂದು ಕೂದಲೆಳೆಯ ಏರಿಳಿತವೂ ಇಲ್ಲದೆ ಪಾದಕ್ಕೆ ಸಿಗುವುದು ಚೆಲುವರಾಜನ ಕೈ. ಕಕ್ಕಬೆಯಲ್ಲಿ ನಾನು ಟೈಲ್ಸ್ ಹಾಸಿದ ಒಂದು ಹಾಲಿನಲ್ಲಿ ತಡಿಯಂಡಮೋಳ್ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಬಂದ ಪ್ರವಾಸಿಗಳು ಬೆಟ್ಟ ಹತ್ತುವುದನ್ನು ಬಿಟ್ಟು ನೆಲ ನೋಡುತ್ತಾ ಮೂರು ದಿನ ಕೂತರಂತೆ. ದುಬಾರೆಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಸಾಕಾನೆಯೊಂದು ನನ್ನ ನೆಲದ ಮೇಲೆ ಕಾಲಿಡಲು ನಾಚಿ ಹಿಂದಕ್ಕೆ ಸರಿಯಿತು. ಸುಳ್ಳು ಎನ್ನುವವರು ಆ ಆನೆಯನ್ನೇ ಕೇಳಿಕೊಳ್ಳಬಹುದು.

ಆ ಯಾವ ಮನೆಯೊಳಗೂ, ಕೆಲಸ ಮುಗಿದ ಮೇಲೆ, ಎರಡನೇ ಸಲ ನಾನು ಕಾಲಿಟ್ಟಿಲ್ಲ. ಕೊನೆಯ ಟೈಲ್ಸ್ ಕೂರಿಸುವುದು ಯಾವಾಗಲೂ ಬಾಗಿಲ ಹತ್ತಿರ. ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ ಹೊಸ್ತಿಲು ದಾಟಿ ಹೊರಗೆ ಬಂದುಬಿಡಬೇಕು. ಆಮೇಲೆ ಒಳಗೆ ಹೋಮ. ನನಗೆ ಊಟ ಹಿತ್ತಲಲ್ಲಿ, ಬಾಳೆ ಎಲೆಯಲ್ಲಿ. ಎಲೆ ನಾನೇ ಎತ್ತಬೇಕು. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಆನೆಯ ಕಥೆ ಹೇಳುತ್ತೇನೆ.

ಟೈಲ್ಸ್ ಕೆಲಸ ನೋಡಲು ಚಂದ. ಮಾಡುವವನ ಮಂಡಿ ನೋಡಬೇಕು. ನನ್ನ ಎರಡೂ ಮಂಡಿಯ ಮೇಲೆ ಇರುವುದು ಎಮ್ಮೆಯ ಚರ್ಮ. ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ. ಮೊದಲು ಬಿಳಿ, ಆಮೇಲೆ ಕೆಂಪು, ಆಮೇಲೆ ತೂತು. ಉಪ್ಪು ಹಾಕಿದ ಗಂಜಿಯನ್ನು ನಾನು ಚಮಚದಲ್ಲಿ ಕುಡಿಯುತ್ತೇನೆ. ದೊಡ್ಡಸ್ತಿಕೆಗೆ ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ನಾವಿರುವುದು ಕುಶಾಲನಗರದ ಹೊರಗೆ, ಹೊಳೆಯ ಕಡೆಯ ತಗ್ಗಿನಲ್ಲಿ, ಸುಮಿತ್ರಮ್ಮನವರ ವಠಾರದಲ್ಲಿ. ಸಾಲಾಗಿ ಆರು ಕೋಣೆ. ಮುಂದೆ ಒಂದು ನಲ್ಲಿ. ಮೂಲೆಯಲ್ಲಿ ಎರಡು ಕಕ್ಕಸು. ಎದುರಿನ ಮಹಡಿ ಮನೆಯಲ್ಲಿ ಸುಮಿತ್ರಮ್ಮ ಮತ್ತು ಅವರ ಮಗ ನಾಗಾರ್ಜುನ. ಅವನು ವಕೀಲ. ನನ್ನ ಹೆಂಡತಿ ಚಿನ್ನಿ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ನೆಲಕ್ಕೆ ಕೂತು, ಕಪ್ಪು ಬೀಜ ಒಂದು ಕಡೆ, ಒಡಕು ಬೀಜ ಒಂದು ಕಡೆ. ಪಕ್ಕದ ಕೋಣೆಯ ಮುತ್ತಿಯದೂ ಅದೇ ಕೆಲಸ. ಮುತ್ತಿ ಯರವ ಬುಡಕಟ್ಟಿನ ಹೆಂಗಸು. ಅರವತ್ತು ದಾಟಿದೆ. ಹಿಂದೆ ಮುಂದೆ ಯಾರೂ ಇಲ್ಲ. ಮುತ್ತಕ್ಕ ಎನ್ನುತ್ತೇನೆ. ಅವಳು ನನ್ನನ್ನು ತಮ್ಮ ಎನ್ನುತ್ತಾಳೆ.

ನಾವು ಮೂವರೂ ಬಂದದ್ದು ಎಸ್ಟೇಟಿನ ಲೈನಿನಿಂದ. ಲೈನ್ ಎಂದರೆ ತೋಟದ ಕೂಲಿಗಳಿಗೆ ಧಣಿ ಕೊಡುವ ಸಾಲುಮನೆ. ಬಾಡಿಗೆ ಇಲ್ಲ. ಬಾಡಿಗೆ ಇಲ್ಲದ ಮನೆಯಷ್ಟು ದುಬಾರಿ ಮನೆ ಭೂಮಿಯ ಮೇಲೆ ಇನ್ನೊಂದಿಲ್ಲ. ಜ್ವರ ಬಂದು ಒಂದು ದಿನ ಮಲಗಿದರೆ ಕೂಲಿಗಳ ಹಾಜರಿ ಬರೆಯುವ ತೋಟದ ರೈಟರ್ ಬಂದು ಬಾಗಿಲಿಗೆ ಒದೆಯುತ್ತಿದ್ದ. ಅಪ್ಪ ಸತ್ತ ಮೂರನೇ ದಿನ ಬಂದು, "ಒಂದಾಳು ಕಮ್ಮಿ ಆಯ್ತಲ್ಲ, ಇನ್ನೊಂದು ಸಂಸಾರನ ನಿಮ್ಮ ಜೊತೆಗೇ ಹಾಕ್ತೀನಿ" ಅಂದ. ಹಾಕಿದ. ಆ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಸುಮಿತ್ರಮ್ಮನ ವಠಾರಕ್ಕೆ ಬಂದ ಮೊದಲ ದಿನ ಚಿನ್ನಿ ಬಾಗಿಲ ಚಿಲಕವನ್ನು ಒಳಗಿನಿಂದ ಏಳು ಸಲ ಹಾಕಿ ಏಳು ಸಲ ತೆಗೆದಳು. ಇದರಲ್ಲಿ ಒಂದನ್ನೂ ನಾನು ಹೆಚ್ಚಿಗೆ ಸೇರಿಸಿಲ್ಲ.

ತಿಂಗಳಿಗೆ ಒಂದೂವರೆ ಸಾವಿರ ಬಾಡಿಗೆ. ಆ ತಗ್ಗಿಗೆ ಸರ್ಕಾರದ ಲೆಕ್ಕದಲ್ಲಿ ಅಷ್ಟೇ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಕೊಟ್ಟದ್ದಕ್ಕೆ ರಸೀದಿ. ನಮ್ಮ ಜನ ಯಾವುದು ಎಂದು ಸುಮಿತ್ರಮ್ಮ ಕೇಳಿರಲಿಲ್ಲ. ಅದಕ್ಕೇ ಅವರು ದೇವತೆ ಎಂದು ನಾನು ಊರಿಗೆಲ್ಲ ಸಾರಿದ್ದೆ. ಕೇಳದೇ ಇದ್ದದ್ದಕ್ಕೆ ಕಾರಣ ಇತ್ತು. ಮಳೆಗಾಲದಲ್ಲಿ ಹೊಳೆ ನುಗ್ಗುವ ಆ ಕೋಣೆಗಳಿಗೆ ಬೇರೆ ಜನ ಬರುತ್ತಿರಲಿಲ್ಲ.

ಒಂದು ಮಳೆಗಾಲ ಹೊಳೆ ಎದೆಮಟ್ಟಕ್ಕೆ ಬಂತು. ನಾನು ಆರೂ ಕೋಣೆಯವರನ್ನು ಹೆಗಲ ಮೇಲೆ ಹೊತ್ತು ದಾಟಿಸಿದೆ, ಜೊತೆಗೆ ಎರಡು ಮೇಕೆ, ಒಂದು ಟಿವಿ. ನೀರು ಇಳಿದ ಮೇಲೆ ನೋಡಿದರೆ ಆರೂ ಕೋಣೆಯ ನೆಲ ಕೆಳಗೆ ಕೂತಿತ್ತು. ಗೋಡೆ ಮೇಲೆ, ನೆಲ ಕೆಳಗೆ, ನಡುವೆ ಸಂದು. ಚಾಪೆ ಹಾಸಿದರೆ ತಲೆ ಒಂದು ಕಡೆ ಜಾರುತ್ತಿತ್ತು. ಮುತ್ತಕ್ಕನ ಕೋಣೆಯ ಸಂದಿನಲ್ಲಿ ಕೇರೆಹಾವು ಸೇರಿಕೊಂಡಿತ್ತು. "ಇವನು ಬಾಡಿಗೆನೂ ಕೊಡಕಿಲ್ಲ, ಸಾಮಾನೂ ತರಕಿಲ್ಲ. ಹುಟ್ಟಿದ್ರೆ ಹಿಂಗೆ ಹುಟ್ಟಬೇಕು" ಎನ್ನುತ್ತಿದ್ದಳು ಮುತ್ತಕ್ಕ.

ರಿಪೇರಿ ಮಾಡಿಸಿ ಎಂದು ಎರಡು ವರ್ಷ ಕೇಳಿದೆವು. "ನೋಡೋಣ ತಮ್ಮ" ಎನ್ನುತ್ತಿದ್ದರು ಸುಮಿತ್ರಮ್ಮ. ಆ ದನಿಯಲ್ಲಿ ಎಷ್ಟು ಬೆಲ್ಲ ಎಂದರೆ ನಾವು ಇಲ್ಲ ಅನ್ನಿಸಿಕೊಂಡದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು.

ಮೂರನೇ ವರ್ಷ ನಾಗಾರ್ಜುನ ತಾನೇ ಇಳಿದು ಬಂದ.

"ಮೇಸ್ತ್ರಿ, ನೆಲ ಎತ್ತಿಸಿ ಫಸ್ಟ್ ಕ್ಲಾಸಾಗಿ ಟೈಲ್ಸ್ ಹಾಕಿಸೋಣ. ಬೇರೆಯವರನ್ನ ಕರೀಲಾ, ನೀವೇ ಮಾಡ್ತೀರಾ?"

"ಬೇರೆಯವರು ಅಂದ್ರೆ ಯಾರು ಸಾರ್? ಕೊಡಗಲ್ಲಿ ಬೇರೆಯವರು ಅಂತ ಯಾರವ್ರೆ?" ಅಂದೆ.

ನಲವತ್ತು ದಿನ ಕೆಲಸ. ಚಿನ್ನಿಗೂ ಮುತ್ತಕ್ಕನಿಗೂ ಆಗ ಕ್ಯೂರಿಂಗಿನಲ್ಲಿ ಕೆಲಸ ಇರಲಿಲ್ಲ. ಅವರೇ ಹೆಣ್ಣಾಳು. ಒಬ್ಬೊಬ್ಬರದಾಗಿ ಕೋಣೆ ಖಾಲಿ ಮಾಡಿ, ನಲ್ಲಿಯ ಪಕ್ಕ ಟಾರ್ಪಾಲಿನ ಕೆಳಗೆ ಮಲಗಿ, ನಮ್ಮ ನೆಲವನ್ನು ನಾವೇ ಎತ್ತಿದೆವು. ಕುಸಿದ ಹಳೆಯ ಕೆಂಪು ಗಾರೆ ನೆಲವನ್ನು ಕೀಳುವುದು ದಂಡ. ಅದರ ಮೇಲೆಯೇ ಕಲ್ಲು, ಜಲ್ಲಿ, ಮಣ್ಣು ತುಂಬಿ, ನೀರು ಬಿಟ್ಟು, ದಿಮ್ಮಿಸಿ, ಕಾಂಕ್ರೀಟು ಹಾಕಿದೆ. ಬಾಂಡ್ಲಿ ಹೊತ್ತು ಹೊತ್ತು ಮುತ್ತಕ್ಕನ ನಡುನೆತ್ತಿಯ ಕೂದಲು ಉದುರಿಹೋಯಿತು. ರೂಪಾಯಿಯಗಲ ಬೋಳು. ಚಿನ್ನಿಯ ಭುಜದ ಮೂಳೆ ಸರಿದು ಇಂದಿಗೂ ಎಡಗೈ ಕಿವಿಯ ಮೇಲಕ್ಕೆ ಏಳುವುದಿಲ್ಲ. ನಾನು ರಸಮಟ್ಟ ಇಟ್ಟು, ಟೈಲ್ಸಿಗೆ ಕಿವಿಯಿಟ್ಟು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳು ದನಿ ಬಂದರೆ ಕಿತ್ತು ಮತ್ತೆ ಕೂರಿಸಿದೆ. ಬೇರೆಯವರ ಮನೆಯಲ್ಲಿ ನೂರಕ್ಕೆ ಐದು ಟೊಳ್ಳು ಬಿಡುತ್ತೇನೆ. ಇಲ್ಲಿ ಒಂದೂ ಬಿಡಲಿಲ್ಲ. ಯಾಕೆಂದರೆ ಈ ನೆಲದ ಮೇಲೆ ಮೊದಲ ಸಲ ನಾನೇ ಮಲಗುವವನಿದ್ದೆ.

ಕೆಲಸ ಮುಗಿದ ದಿನ ನಡೆದದ್ದನ್ನು ಸರಿಯಾಗಿ ಹೇಳಬೇಕು.

ಮನೆ ಮುಗಿದರೆ ಮೇಸ್ತ್ರಿಗೆ ವೀಳ್ಯ ಕೊಟ್ಟು ಶಾಲು ಹೊದಿಸುವುದು ನಮ್ಮ ಕಡೆಯ ಪದ್ಧತಿ. ಹೊದಿಸುವುದು ಬೇರೆ ಜಾತಿಯ ಮೇಸ್ತ್ರಿಗಳಿಗೆ. ನಮ್ಮಂಥವರಿಗೆ ಅದನ್ನು ಜಗಲಿಯ ಅಂಚಿನಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, "ತಗೋ" ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ನಾನು ಬಗ್ಗಿ ಎತ್ತಿಕೊಂಡಿದ್ದೇನೆ. ಅವತ್ತು ಸುಮಿತ್ರಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಕೂರಿಸಿದರು. ತಾವೇ ಶಾಲು ಬಿಡಿಸಿ ಹೊದಿಸಿದರು. ಅವರ ಬೆರಳು ನನ್ನ ಕತ್ತಿಗೆ ತಗುಲಿತು. ಅದು ತಗುಲಿದ ಜಾಗ ನನಗೆ ಮೂರು ದಿನ ಬೆಚ್ಚಗಿತ್ತು.

ನಾಗಾರ್ಜುನ ಮೊಬೈಲ್ ಹಿಡಿದಿದ್ದ. "ಮೇಸ್ತ್ರಿ, ನಾಲ್ಕು ಮಾತಾಡಿ. ಸ್ಟೇಟಸ್ಸಿಗೆ ಹಾಕ್ತೀನಿ. ಹೇಳಿ, ಈ ರಿಪೇರಿ ಕೆಲಸ ಹೇಗಾಯ್ತು?"

"ರಿಪೇರಿನಾ?" ನನಗೆ ರೇಗಿಹೋಯಿತು. "ಯಾರು ಸಾರ್ ರಿಪೇರಿ ಅಂದೋರು? ಅಂಥವರ ನಾಲಿಗೆಗೆ ಸಿಮೆಂಟ್ ಹಾಕ್ತೀನಿ! ರಿಪೇರಿ ಮಾಡೋರು ರಿಪೇರಿಯವರು. ನಾನು ಚೆಲುವರಾಜ! ಗುಡಿಸಲಿದ್ದದ್ದನ್ನ ಅರಮನೆ ಮಾಡಿವ್ನಿ!"

"ಹಾಗಾದ್ರೆ ಏನಂತೀರಿ? ಸುಧಾರಣೆ?"

"ಸುಧಾರಣೆ! ಮಹಾ ಸುಧಾರಣೆ!"

ಎಲ್ಲರೂ ನಕ್ಕರು. ಅವನು ಆರು ಕಾಗದ ತಂದಿಟ್ಟ. ಚಿನ್ನಿ ನನ್ನ ಪಕ್ಕೆ ತಿವಿದಳು. "ಓದು ಮೊದ್ಲು."

"ಸನ್ಮಾನದ ದಿನ ಯಾರಾದ್ರೂ ಕಾಗದ ಓದ್ತಾರೇನೇ?" ಎಂದು ಸಹಿ ಹಾಕಿದೆ. ಹೆಸರಿನ ಕೆಳಗೆ ಎರಡು ಗೆರೆ ಎಳೆದೆ. ಉಳಿದ ಐವರೂ ನನ್ನ ಮುಖ ನೋಡಿದರು. "ಹಾಕಿ, ಹಾಕಿ" ಎಂದು ಕೈ ಬೀಸಿದೆ. ಹಾಕಿದರು. ಮುತ್ತಕ್ಕನ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ. ಬಾಂಡ್ಲಿ ಹೊತ್ತು ಹೊತ್ತು ಆ ಹೆಬ್ಬೆಟ್ಟಿನ ಗೆರೆಗಳೇ ಅಳಿಸಿದ್ದವು. ಕಾಗದದ ಮೇಲೆ ಬರೀ ನೀಲಿ ಕಲೆ ಬಿತ್ತು.

ಎರಡು ತಿಂಗಳಾದ ಮೇಲೆ ನೋಟೀಸು ಬಂತು. ಮುಂದಿನ ತಿಂಗಳಿಂದ ಬಾಡಿಗೆ ಮೂರು ಸಾವಿರ.

ನಾನು ಮಹಡಿಯ ಮೆಟ್ಟಿಲು ಹತ್ತಿದೆ. ಮೇಲಿನ ಮೆಟ್ಟಿಲಲ್ಲೇ ನಾಗಾರ್ಜುನ ನಿಂತಿದ್ದ. ನಾನು ಕೆಳಗಿನ ಮೆಟ್ಟಿಲಲ್ಲಿ.

"ಸರ್ಕಾರ ಮಿತಿ ಹಾಕ್ಯದೆ ಅಲ್ವಾ ಸಾರ್ ಬಾಡಿಗೆಗೆ?"

"ಹಾಕಿದೆ ಮೇಸ್ತ್ರಿ. ಆ ಮಿತಿ ದಾಟೋ ಬಾಗಿಲನ್ನೂ ಅದೇ ಕಾನೂನಲ್ಲಿ ಇಟ್ಟಿದೆ. ಮಾಲೀಕ ರಿಪೇರಿ ಮಾಡಿಸಿದ್ರೆ ಒಂದು ರೂಪಾಯಿ ಏರಿಸೋ ಹಾಗಿಲ್ಲ. ಅದು ಅವನ ಕರ್ತವ್ಯ. ಸುಧಾರಣೆ ಮಾಡಿಸಿದ್ರೆ, ಬಾಡಿಗೆದಾರ ಒಪ್ಪಿದ್ರೆ, ಆದ ಖರ್ಚಿನ ಹತ್ತನೇ ಒಂದು ಪಾಲನ್ನ ವರ್ಷದ ಬಾಡಿಗೆಗೆ ಸೇರಿಸ್ಬಹುದು. ನಿಮ್ಮ ಕೋಣೆಗೆ ಆದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಬಿಲ್ಲುಗಳಿವೆ. ನಾನು ಗೋಡೆ ಹಾರಿಲ್ಲ. ಬಾಗಿಲಲ್ಲೇ ಬಂದಿದೀನಿ."

ಒಳಗಿನಿಂದ ಸುಮಿತ್ರಮ್ಮ, "ಯಾರದು, ಚೆಲುವನಾ? ಕಾಫಿ ಕುಡೀತಾನಾ ಕೇಳು" ಅಂದರು.

ಮನೆಗೆ ಬಂದರೆ ಚಿನ್ನಿ ನೋಟೀಸಿನ ಹಿಂದೆ ಲಗತ್ತಿಸಿದ್ದ ಬಿಲ್ಲುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಟೈಲ್ಸು, ಸಿಮೆಂಟು, ಜಲ್ಲಿ. ಕೊನೆಯ ಬಿಲ್ಲಿನ ಮೇಲೆ ಬೆರಳಿಟ್ಟಳು.

"ಇದೇನು ಗೊತ್ತಾಯ್ತಾ? ಕೂಲಿ. ನಿನ್ನ ಕೂಲಿ, ನನ್ನ ಕೂಲಿ, ಮುತ್ತಕ್ಕನ ಕೂಲಿ. ಅದ್ನೂ ಖರ್ಚಿಗೆ ಸೇರ್ಸವ್ರೆ. ನಾವು ದುಡ್ದಿದ್ದನ್ನ ನಾವೇ ತಿಂಗಳ್ ತಿಂಗಳು ವಾಪಸ್ ಕಟ್ಬೇಕು. ಎಲ್ಲಿವರ್ಗೂ? ಸಾಯೋವರ್ಗೂ."

ನಾನು ಬಿಲ್ಲುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

"ಮಾತಾಡು ಈಗ. ಅರಮನೆ ಅಂದ್ಯಲ್ಲ. ಅರಮನೆ ಬಾಡಿಗೆ ಬಂದದೆ, ಕೊಡು ಮಹಾರಾಜ."

ಬೇರೆ ಮನೆ ಹುಡುಕಿದೆ. ಕುಶಾಲನಗರದಲ್ಲಿ ಇರುವುದಕ್ಕಿಂತ ಹೆಚ್ಚು ಮನೆಗಳಿಗೆ ಹೋದೆ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಇದ್ದಲ್ಲೆಲ್ಲ. ಶಿರಂಗಾಲದವರೆಗೂ ಹೋದೆ. ಬಾಗಿಲು ತೆಗೆಯುತ್ತಾರೆ. ಮನೆ ತೋರಿಸುತ್ತಾರೆ. ನೀರು ಇಷ್ಟು ಹೊತ್ತಿಗೆ ಬರುತ್ತದೆ ಎನ್ನುತ್ತಾರೆ. ಆಮೇಲೆ, "ನೀವು ಯಾವ ಜನ?" ಹೇಳುತ್ತೇನೆ. "ಅಯ್ಯೋ, ನಮ್ಮ ಅಣ್ಣನ ಮಗ ಬರ್ತೀನಿ ಅಂದಿದ್ದ, ಮರೆತೇಬಿಟ್ಟಿದ್ದೆ." ಆ ಊರಿನಲ್ಲಿ ಅಷ್ಟೊಂದು ಅಣ್ಣನ ಮಕ್ಕಳಿದ್ದಾರೆ. ಒಂದು ಮನೆಯಲ್ಲಿ ನಾನೇ ಹಾಸಿದ ನೆಲ. ಆ ಯಜಮಾನ ನನ್ನನ್ನು ಗುರುತು ಹಿಡಿದು, "ಕೆಲಸ ಇದ್ರೆ ಹೇಳಿ ಕಳಿಸ್ತೀನಿ ಕಣಯ್ಯ" ಅಂದ.

ಕೊನೆಗೆ ಒಂದು ತೋಟದ ರೈಟರ್ ಸಿಕ್ಕಿದ. ಹಳೆಯವನಲ್ಲ, ಹೊಸಬ. ಪ್ಯಾಂಟಿನವನು. "ಲೈನಲ್ಲಿ ಒಂದು ಮನೆ ಖಾಲಿ ಇದೆ. ಗಂಡ ಹೆಂಡತಿ ಇಬ್ರೂ ತೋಟಕ್ಕೆ ಬರ್ಬೇಕು. ಪಿಕ್ಕಿಂಗ್ ಟೈಮಲ್ಲಿ ರಜ ಗಿಜ ಇಲ್ಲ. ಬಾಡಿಗೆ ಏನೂ ಇಲ್ಲ" ಅಂದ. ಮನೆಗೆ ಬಂದು ಚಿನ್ನಿಗೆ ಹೇಳಿದೆ. ಅವಳು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು. ಚಿಲಕ ಹಿಡಿದುಕೊಂಡೇ ನಿಂತಳು. "ನಾ ಹೋಗಕಿಲ್ಲ. ನೀ ಬೇಕಾದ್ರೆ ಹೋಗು" ಅಂದಳು.

ಮಾರನೆಯ ದಿನ ಅವಳೇ ಅರ್ಜಿ ಬರೆದಳು. ಏರಿಸಿದ ಬಾಡಿಗೆ ಒಪ್ಪುವುದಿಲ್ಲ, ಇದು ರಿಪೇರಿ. ಆರು ಜನದ ಅರ್ಜಿ. ಬಾಡಿಗೆ ತಕರಾರು ನೋಡುವ ಸಾಹೇಬರ ಮುಂದೆ ವಿಚಾರಣೆ.

ಕಚೇರಿಯಲ್ಲಿ ನಾಗಾರ್ಜುನನಿಗೆ ಕುರ್ಚಿ. ನಾವು ಗೋಡೆಗೆ. ಸನ್ಮಾನದ ದಿನ ನಾವು ಸಹಿ ಹಾಕಿದ್ದ ಒಪ್ಪಿಗೆ ಪತ್ರವನ್ನು ಸಾಹೇಬರು ಓದಿದರು. ಸಹಿ ನಿನ್ನದಾ ಅಂದರು. ಹೌದು ಸ್ವಾಮಿ ಅಂದೆ. ನಾಗಾರ್ಜುನ ಎದ್ದು ಮೊಬೈಲನ್ನು ಅವರ ಮೇಜಿನ ಮೇಲಿಟ್ಟ.

ನನ್ನ ದನಿ. "ನಾಲಿಗೆಗೆ ಸಿಮೆಂಟ್ ಹಾಕ್ತೀನಿ!" ಗುಮಾಸ್ತರು ತಲೆ ಎತ್ತಿದರು. "ಮಹಾ ಸುಧಾರಣೆ!" ಗುಮಾಸ್ತರು ನಕ್ಕರು. ಬಾಗಿಲಲ್ಲಿದ್ದ ಜವಾನನೂ ನಕ್ಕ. ಶಾಲು ಹೊದ್ದು ಕುರ್ಚಿಯಲ್ಲಿ ಕೂತು ಕೈ ಬೀಸುತ್ತಿರುವ ಆ ಮನುಷ್ಯನನ್ನು ನಾನೂ ನೋಡಿದೆ. ಹಲ್ಲೆಲ್ಲ ಹೊರಗೆ. ಅಷ್ಟು ಸಂತೋಷದಲ್ಲಿದ್ದ ಬಡ್ಡೀಮಗ.

"ಇನ್ನೇನು ಹೇಳೋದಿದೆ?" ಸಾಹೇಬರು ಕೇಳಿದರು.

ಆನೆಯ ಕಥೆ ಹೇಳುವ ಬಾಯಿ. ಬೀಗ ಬಿತ್ತು. ಕಾಲ ಕೆಳಗಿನ ಕಚೇರಿಯ ನೆಲ ನೋಡಿದೆ. ಅಲ್ಲೊಂದು ಟೈಲ್ಸು ಟೊಳ್ಳಿತ್ತು.

ಮಾತಾಡಿದವಳು ಚಿನ್ನಿ. "ಸ್ವಾಮಿ, ಇವನು ಬಾಯಿಬಡುಕ. ಹೊಳೆ ಬಂದಾಗ ಮೇಕೆ ಹೊತ್ತೆ ಅಂತಾನೆ, ನಮ್ಗೆ ಮೇಕೆನೇ ಇರ್ಲಿಲ್ಲ. ಇವನ ಬಾಯಿ ನೋಡಿ ಬಾಡಿಗೆ ಏರ್ಸಿದ್ರೆ ಹೆಂಗೆ? ಬಂದು ನೆಲ ನೋಡಿ."

ನಾಗಾರ್ಜುನ ಮುಗುಳ್ನಕ್ಕು, "ನೋಡಲಿ ಸಾರ್. ನಮಗೇನೂ ಅಭ್ಯಂತರ ಇಲ್ಲ" ಅಂದ. ಅವನಿಗೆ ಆ ನೆಲದ ಮೇಲೆ ಅಷ್ಟು ನಂಬಿಕೆ. ಹಾಸಿದವನು ನಾನಲ್ಲವೆ?

ಶನಿವಾರ ಸಾಹೇಬರು ಬಂದರು. ಮೊದಲು ನಮ್ಮ ಕೋಣೆ. ಹೊಸ್ತಿಲಲ್ಲಿ ನಿಂತು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು. ನಡೆದರು. ಬಗ್ಗಿ ಕೈಯಾಡಿಸಿದರು.

"ಕೆಲಸ ಬಹಳ ಚೆನ್ನಾಗಿದೆಯಲ್ರೀ!"

ನನ್ನ ಎದೆ ಉಬ್ಬಿತು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಉಬ್ಬಿತು. ಚಿನ್ನಿ ನನ್ನನ್ನೇ ನೋಡುತ್ತಿದ್ದಳು. ಆ ಉಬ್ಬಿದ ಎದೆಯನ್ನು ಅಲ್ಲೇ ಬಗೆದು ಹಾಕಬೇಕು ಎನ್ನಿಸಿತು.

"ಮೊದಲು ಹೇಗಿತ್ತು? ಫೋಟೋ ಏನಾದ್ರೂ?"

ನಮ್ಮ ಹತ್ತಿರ ಇರಲಿಲ್ಲ. ಕುಸಿದ ನೆಲದ ಫೋಟೋ ಯಾರು ತೆಗೆದಿಡುತ್ತಾರೆ?

"ಹಳೇ ನೆಲ ಗಟ್ಟಿಮುಟ್ಟಾಗೇ ಇತ್ತು ಸಾರ್" ಅಂದ ನಾಗಾರ್ಜುನ. "ಇವರ ಅನುಕೂಲಕ್ಕೆ, ಅಂದಕ್ಕೆ ಅಂತ ಮಾಡಿಸಿದ್ದು."

ಬಾಗಿಲಲ್ಲಿ ನಿಂತಿದ್ದ ಸುಮಿತ್ರಮ್ಮ ಗೋಡೆಯ ಕಡೆ ನೋಡಿದರು.

ಸಾಹೇಬರು ಪೆನ್ನು ತೆಗೆದರು. ನಾನು ಚೀಲ ತೆಗೆದೆ. ಅದರಲ್ಲಿ ದೊಡ್ಡ ಸುತ್ತಿಗೆ, ಚಾಣ. ಕೋಣೆಯ ನಡುಮಧ್ಯಕ್ಕೆ ಹೋಗಿ ಮಂಡಿಯೂರಿದೆ.

"ಏನ್ ಮಾಡ್ತಿದೀರಿ ಮೇಸ್ತ್ರಿ?" ನಾಗಾರ್ಜುನ ಮುಂದೆ ಬಂದ. "ಏಯ್, ಮುಟ್ಬೇಡ! ಮುಟ್ಬೇಡ ಕಣೋ, ಅದು ನಮ್ಮ ಆಸ್ತಿ!"

ಅಲ್ಲಿಯವರೆಗೆ ಅವನ ಬಾಯಲ್ಲಿದ್ದ 'ಮೇಸ್ತ್ರಿ' ಅಲ್ಲಿಗೆ ಮುಗಿಯಿತು.

ಸಾಹೇಬರ ಮುಖ ನೋಡಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗಡಿಯಾರ ನೋಡಿಕೊಂಡರು.

ಹೊಡೆದೆ. ಒಡೆಯಲಿಲ್ಲ. ನನ್ನ ಕೆಲಸ. ಕೆಳಗೆ ಎಲ್ಲೂ ಟೊಳ್ಳಿಲ್ಲ, ಏಟೆಲ್ಲ ವಾಪಸು ನನ್ನ ಮೊಣಕೈಗೇ ಬಂತು. ಎರಡನೆಯದಕ್ಕೂ ಒಡೆಯಲಿಲ್ಲ. ಮೂರನೆಯದಕ್ಕೆ ಬಿರುಕು. ಚೂರು ಹಾರಿ ಹುಬ್ಬಿಗೆ ಬಡಿಯಿತು. ಚಾಣ ಇಟ್ಟು ಕೆತ್ತಿದೆ. ಟೈಲ್ಸು, ಗಾರೆ, ಕಾಂಕ್ರೀಟು. ಅದರ ಕೆಳಗಿನ ಜಲ್ಲಿಯನ್ನು ಕೈಯಲ್ಲಿ ಬಾಚಿ ಬಾಚಿ ಹೊರಗೆ ಹಾಕಿದೆ. ಉಗುರಿನ ಸಂದಿಯಲ್ಲಿ ರಕ್ತ ಬಂತು. ಉಳಿದ ಐದು ಕೋಣೆಯವರು ಬಾಗಿಲಲ್ಲಿ ಗುಂಪಾಗಿದ್ದರು.

ಆಳದಲ್ಲಿ ಕೆಂಪು ನೆಲ ಸಿಕ್ಕಿತು. ಒಡೆದು ಓರೆಯಾಗಿ ಬಿದ್ದಿತ್ತು. ಬಿರುಕಿನಲ್ಲಿ ಹೊಳೆಯ ಬೂದುಬಣ್ಣದ ಮೆಕ್ಕಲು ಹಾಗೆಯೇ ಇತ್ತು.

"ಇದೇ ಸ್ವಾಮಿ ಹಳೇ ನೆಲ. ಹೊಸ್ತಿಲ ಮಟ್ಟಕ್ಕಿದ್ದದ್ದು ಇಲ್ಲಿಗೆ ಕುಸಿದಿತ್ತು. ನಾನು ಅದರ ಮೇಲೆ ತುಂಬಿ ಎತ್ತಿವ್ನಿ ಅಷ್ಟೆ. ಸುಧಾರಣೆ ಗಿಧಾರಣೆ ಏನೂ ಮಾಡಿಲ್ಲ. ಮನುಷ್ಯರು ಮಲಗಂಗೆ ಮಾಡಿವ್ನಿ."

"ಎಷ್ಟು ಕುಸಿದಿತ್ತು?"

ನಾಲಿಗೆಯ ತುದಿಗೆ 'ಆಳುದ್ದ' ಬಂತು. 'ಬಾವಿಯಷ್ಟು' ಬಂತು. ನುಂಗಿದೆ.

"ಒಂಬತ್ತು ಇಂಚು."

ಸಾಹೇಬರು ಜವಾನನ ಕೈಯಿಂದ ಟೇಪು ಇಸಿದುಕೊಂಡು ತಾವೇ ಬಗ್ಗಿ ಅಳೆದರು. ಹೊಸ್ತಿಲಿನಿಂದ ದಾರ ಹಿಡಿಸಿ ಅಳೆದರು. ಟೇಪನ್ನು ನಾಗಾರ್ಜುನನಿಗೆ 'ನೋಡಿ' ಎಂದು ತೋರಿಸಿದರು. ಒಂಬತ್ತು ಇಂಚು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ.

"ಕುಸಿದದ್ದನ್ನ ಎತ್ತೋದು ದುರಸ್ತಿ" ಎನ್ನುತ್ತಾ ಬರೆದುಕೊಂಡರು. "ಈ ಕೋಣೆಗೆ ಏರಿಕೆ ಊರ್ಜಿತ ಆಗೋದು ಕಷ್ಟ."

"ಸರಿ ಸಾರ್" ಅಂದ ನಾಗಾರ್ಜುನ. ಬೆವರು ಒರೆಸಿಕೊಂಡ. ದನಿ ಮತ್ತೆ ಮೆತ್ತಗಾಯಿತು. "ಇನ್ನೊಂದು ಮಾತೂ ಬರ್ಕೊಳ್ಳಿ. ಬಾಡಿಗೆದಾರ ಮಾಲೀಕರ ಕಟ್ಟಡಕ್ಕೆ ಬೇಕಂತಲೇ ಹಾನಿ ಮಾಡಿದ್ದನ್ನ ತಾವೇ ಕಣ್ಣಾರೆ ನೋಡಿದ್ರಿ. ಮನೆ ಖಾಲಿ ಮಾಡಿಸೋಕೆ ಕಾನೂನಲ್ಲಿ ಅಷ್ಟು ಸಾಕು."

ಸಾಹೇಬರು ಅದನ್ನೂ ಬರೆದುಕೊಂಡರು. ಅದೇ ಪುಟದಲ್ಲಿ, ಅದೇ ಪೆನ್ನಿನಲ್ಲಿ.

"ಉಳಿದ ಕೋಣೆಗಳದ್ದು ಸ್ವಾಮಿ?" ಚಿನ್ನಿ ಕೇಳಿದಳು.

"ಸಹಿ ಬೇರೆ ಬೇರೆ ಇದೆಯಲ್ಲಮ್ಮ. ಇಲ್ಲಿ ಕುಸಿದಿತ್ತು ಅಂತ ಅಲ್ಲೂ ಕುಸಿದಿತ್ತು ಅಂತ ನಾನು ಬರಿಯೋಕಾಗಲ್ಲ. ಸೋಮವಾರ ಬಂದು ನೋಡ್ತೀನಿ. ಕಣ್ಣಿಗೆ ಕಂಡದ್ದು ಬರೀತೀನಿ."

ಜೀಪು ಹೋಯಿತು. ನಾಗಾರ್ಜುನ ಮಹಡಿ ಹತ್ತಿದ. ಸುಮಿತ್ರಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದರು. ಗುಂಡಿ ನೋಡುತ್ತಿದ್ದರು.

"ಅಂಥಾ ನೆಲ. ಮನಸ್ಸಾದ್ರೂ ಹೆಂಗೆ ಬಂತು ಚೆಲುವ? ನಿನ್ನ ಕೂರಿಸಿ ಶಾಲು ಹೊದಿಸಿದ್ನಲ್ಲೋ."

"ಹೊದಿಸಿದ್ರಿ ಅಮ್ಮೋರೆ. ಹೊದಿಸಿ ಕತ್ತಿನ ಅಳತೆ ತಗೊಂಡ್ರಿ."

ಅವರು ಸೆರಗು ಹೊದ್ದುಕೊಂಡು ಹೋದರು.

ಗುಂಡಿಯನ್ನು ಮುಚ್ಚಲಿಲ್ಲ. ಅದರ ಸುತ್ತ ಚಾಪೆ ಹಾಸಿಕೊಂಡು ಮಲಗಿದೆವು.

ಭಾನುವಾರ ಬೆಳಗ್ಗೆ ಐದೂ ಬಾಗಿಲು ಮುಚ್ಚಿಕೊಂಡಿದ್ದವು. ನಾನು ಜಗಲಿಯ ಮೇಲೆ ಕೂತಿದ್ದೆ, ಚೀಲ ಪಕ್ಕದಲ್ಲಿ. ಒಡೆಯದಿದ್ದರೆ ಸೋಮವಾರ ಸಾಹೇಬರ ಕಣ್ಣಿಗೆ ಕಾಣುವುದು ನನ್ನ ಚಂದದ ನೆಲ. ಬಾಡಿಗೆ ಮೂರು ಸಾವಿರ. ಒಡೆದರೆ ಖಾಲಿ ಮಾಡಿ ಎಂಬ ನೋಟೀಸು. ಇದನ್ನು ನಾನು ಯಾರಿಗೆ ಯಾವ ಬಾಯಲ್ಲಿ ಹೇಳಲಿ? ಹಾಕಿ ಹಾಕಿ ಎಂದು ಬೀಸಿದ ಕೈ ಇದು. ಕೊನೆಯ ಕೋಣೆಯವನು ಬಾಗಿಲು ಸ್ವಲ್ಪ ತೆರೆದು, "ನಮ್ಮನ್ನ ಬಿಟ್ಬಿಡು ಚೆಲುವಣ್ಣ. ಹೆಂಗೋ ಕಟ್ಕೊಂಡು ಹೋಗ್ತೀವಿ" ಎಂದು ಮತ್ತೆ ಮುಚ್ಚಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಹೊತ್ತು ಏರಿತು. ಮುತ್ತಕ್ಕನ ಬಾಗಿಲು ತೆರೆಯಿತು.

ಅವಳು ಚಾಪೆ ತಂದು ಹೊರಗಿಟ್ಟಳು. ಮತ್ತೆ ಒಳಗೆ ಹೋಗಿ ಎರಡು ಪಾತ್ರೆ ತಂದಳು. ಅಕ್ಕಿಯ ಡಬ್ಬ. ಒಂದು ಕತ್ತಿ. ಒಂದು ಕಂಬಳಿ. ಅಷ್ಟೇ ಸಾಮಾನು.

"ಬಾ ತಮ್ಮ" ಅಂದಳು. "ನಂದೂ ಒಡಿ."

"ಮುತ್ತಕ್ಕ, ಒಡೆದ್ರೆ ಮನೆ ಬಿಡಿಸ್ತಾರೆ. ಕೇಳಿಸ್ಕೊಂಡ್ಯಲ್ಲ ವಕೀಲ ಅಂದದ್ದು."

"ಒಡೀದೇ ಇದ್ರೆ? ಮೂರ್ಸಾವಿರ ಯಾರಪ್ಪ ಕೊಡ್ತಾನೆ ನಂಗೆ? ಹಂಗೂ ಹೊರ್ಗೆ, ಹಿಂಗೂ ಹೊರ್ಗೆ. ನನ್ನ ಹೆಬ್ಬೆಟ್ಟು ಇಟ್ಕಂಡು ಸುಳ್ಳು ಬರ್ದವ್ರೆ. ನೆಲ ಕುಸ್ದಿತ್ತು ಅಂತ ಬರೀಲಿ. ಬರ್ದ ಮೇಲೆ ಬೇಕಾದ್ರೆ ಹೊರಗೆ ಹಾಕ್ಲಿ."

"ನಾನೇ ಅಲ್ವಾ ಅಕ್ಕ ಒತ್ತಿಸಿದ್ದು."

"ಹೂಂ, ನೀನೇ. ಅದ್ಕೇ ನಿನ್ನ ಕರೀತಿರೋದು. ಬೇರೆಯೋರಿಗೆ ಕೂಲಿ ಕೊಡಕೆ ನನ್ನತ್ರ ದುಡ್ಡಿಲ್ಲ. ಏಳು."

ಚಿನ್ನಿ ಬಂದು ಚಾಣ ಎತ್ತಿಕೊಂಡಳು. ನಾನು ಸುತ್ತಿಗೆ ಎತ್ತಿಕೊಂಡೆ. ಹಿಂದೆ ಕೊನೆಯ ಕೋಣೆಯ ಬಾಗಿಲು ಕಿರ್ ಎಂದಿತು. ಯಾರು ಹೊರಗೆ ಬಂದರು, ಎಷ್ಟು ಜನ ಬಂದರು ಎಂದು ನಾನು ತಿರುಗಿ ನೋಡಲಿಲ್ಲ.

ಮುತ್ತಕ್ಕನ ಕೋಣೆ. ಆರು ಕೋಣೆಗಳಲ್ಲಿ ಕೊನೆಗೆ ಹಾಸಿದ್ದು. ಕೈ ಪಳಗಿ ಪಳಗಿ ಬಂದದ್ದರಿಂದ ಎಲ್ಲಕ್ಕಿಂತ ಒಳ್ಳೆಯ ನೆಲ ಇದೇ. ಸಂದುಗಳೆಲ್ಲ ದಾರ ಹಿಡಿದ ಹಾಗೆ. ಮಂಡಿಯೂರಿದೆ. ಚಿನ್ನಿ ಚಾಣ ಇಟ್ಟು ಹಿಡಿದುಕೊಂಡಳು. ಮುತ್ತಕ್ಕ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಟೈಲ್ಸಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗದ ಮೇಲೆ ಅಂಗೈ ಇಟ್ಟಳು. ಆಮೇಲೆ ಕೈ ತೆಗೆದಳು.

"ಮೆಲ್ಲಕ್ಕೆ ಒಡಿ ತಮ್ಮ" ಅಂದಳು. "ಬಾಳ ಚಂದ ಹಾಸಿದ್ದೆ."